ಏಳು ಕಾಲಿನ ಜುಂಬಕ

ನನ್ನ ಮಗಳಿಗೆ ಈಗ ಐದು ವರ್ಷ. ಯಾವ ಪ್ರಾಣಿ ಬಿಡಿಸಿದರೂ ಅವಳು ಮೊದಲು ಬರೆಯುವುದು ಕಣ್ಣು. ಆಮೇಲೆ ಮೂತಿ, ಮೈ, ಬಾಲ. ಯಾಕೆ ಪುಟ್ಟಿ ಅಂತ ಕೇಳಿದ್ದಕ್ಕೆ, "ಕಣ್ಣಿಲ್ದೆ ಇದ್ರೆ ಅದಕ್ಕೆ ಕತ್ಲೆ ಇರತ್ತೆ ಅಲ್ವಾ ಅಮ್ಮ, ಹೆದರ್ಕೊಳತ್ತೆ" ಅಂದಳು.

ಈ ಪ್ರಾಣಿಗಳು ಯಾವ ಕಾಡಲ್ಲೂ ಇಲ್ಲ. ಎಲ್ಲ ಅವಳೇ ಹುಟ್ಟಿಸಿದವು. ಈ ವಾರದ್ದು ಜುಂಬಕ. ಅದಕ್ಕೆ ಏಳು ಕಾಲು. ಆರು ನಡೆಯೋಕೆ, ಇನ್ನೊಂದು ಬೆನ್ನು ತುರಿಸಿಕೊಳ್ಳೋಕೆ. ಅದಕ್ಕೇ ಆ ಏಳನೆಯದು ಬೆನ್ನ ಮೇಲಿಂದಲೇ ಹೊರಟು, ಬಾಗಿ, ಬೆನ್ನಿಗೇ ತಾಗಿಕೊಂಡಿದೆ. ಹೊಟ್ಟೆಯೊಳಗೆ ಮೂರು ಮೊಟ್ಟೆ, ಒಂದೊಂದರೊಳಗೂ ಕಣ್ಣು ಮುಚ್ಚಿ ಮಲಗಿರುವ ಮರಿ. ಮೈಯೆಲ್ಲ ನೇರಳೆ. ಡಬ್ಬಿಯಲ್ಲಿ ಬೇರೆ ಕ್ರೇಯಾನ್‌ಗಳೆಲ್ಲ ಉದ್ದುದ್ದ ಇವೆ, ನೇರಳೆ ಮಾತ್ರ ಉಗುರಿನಷ್ಟು ಉಳಿದಿದೆ. ಅದನ್ನೇ ಎರಡು ಬೆರಳಲ್ಲಿ ಹಿಡಿದು, ನಾಲಿಗೆ ತುದಿ ಹೊರಗೆ ಹಾಕಿ, ಉಸಿರು ಬಿಗಿಹಿಡಿದು ಒತ್ತಿ ಒತ್ತಿ ತುಂಬುತ್ತಾಳೆ. ಕಾಗದದ ಹಿಂಬದಿಯಲ್ಲೂ ಜುಂಬಕದ ಗುರುತು ಮೂಡಿರುತ್ತದೆ.

ಹೊಟ್ಟೆಯೊಳಗಿನದು ಹೊರಗಿನವರಿಗೆ ಹೇಗೆ ಕಾಣುತ್ತೆ ಅಂತ ದೊಡ್ಡವರಿಗೆ ಅನಿಸಬಹುದು. ಮಕ್ಕಳು ಕಣ್ಣಿಗೆ ಕಂಡದ್ದಕ್ಕಿಂತ ತಮಗೆ ಗೊತ್ತಿರುವುದನ್ನು ಬಿಡಿಸುತ್ತಾರೆ. ಮಕ್ಕಳ ಚಿತ್ರಗಳನ್ನು ಅಧ್ಯಯನ ಮಾಡಿದ ಫ್ರಾನ್ಸಿನ ಜಾರ್ಜ್ ಆನ್ರಿ ಲ್ಯೂಕೆ 1927ರಲ್ಲೇ ಇದನ್ನು ಬರೆದಿಟ್ಟಿದ್ದರು. ಮರಿ ಒಳಗಿದೆ ಅಂತ ಅವಳಿಗೆ ಗೊತ್ತು. ಗೊತ್ತಿದ್ದೂ ಬಿಡಿಸದೆ ಇರುವುದು ಹೇಗೆ?

ಇದೆಲ್ಲ ನನಗೆ ಮೊದಲೇ ತಿಳಿದಿರಲಿಲ್ಲ. ಹೋದ ವರ್ಷ ಅವಳು ಒಂದು ಪ್ರಾಣಿ ಬಿಡಿಸಿದ್ದಳು. ಅದರ ಕಿವಿಗಳು ಪಾದದ ಮೇಲಿದ್ದವು. "ಕಿವಿ ತಲೆ ಹತ್ರ ಇರ್ಬೇಕು ಕಂದ" ಅಂತ ಅವಳ ಕೈಯಿಂದ ಪೆನ್ಸಿಲ್ ತಗೊಂಡು ನಾನೇ ತಲೆಗೆ ಎರಡು ಕಿವಿ ಹಾಕಿದೆ. ಅವಳು ಏನೂ ಹೇಳಲಿಲ್ಲ. ರಬ್ಬರ್ ತಗೊಂಡು ಉಜ್ಜಿದಳು. ನನ್ನ ಕಿವಿ, ಅವಳ ಕಿವಿ, ಪಾದ, ಎಲ್ಲ. ಕಾಗದ ಹರಿಯುವವರೆಗೂ ಉಜ್ಜಿದಳು. ಆಮೇಲೆ ಸುಮಾರು ದಿನ ಬರೀ ಮನೆ, ಸೂರ್ಯ, ಹೂವು. ಎಲ್ಲ ಸರಿಯಾಗಿಯೇ ಇದ್ದವು. ನನಗೆ ಹೊಟ್ಟೆಯಲ್ಲಿ ಸಂಕಟ.

ಒಂದು ರಾತ್ರಿ ಮಲಗಿಸುವಾಗ ಕೇಳಿದೆ, ಆ ಕಿವಿ ಯಾಕೆ ಕೆಳಗಿತ್ತು ಅಂತ. "ಇರುವೆ ಮಾತಾಡೋದು ಕೇಳಿಸ್ಕೊಳ್ಳೋಕೆ" ಅಂದಳು, ಗೋಡೆ ಕಡೆ ತಿರುಗಿಕೊಂಡೇ. ನಾನು ಅವಳ ತಲೆ ಸವರುತ್ತಾ ತಪ್ಪಾಯ್ತು ಅಂದೆ.

ಆಮೇಲೆ ಹುಡುಕಿ ಓದಿದೆ. 1990ರಲ್ಲಿ ಆನೆಟ್ ಕಾರ್ಮಿಲಾಫ್ ಸ್ಮಿತ್ ಎಂಬ ಮನೋವಿಜ್ಞಾನಿ, ಲೋಕದಲ್ಲಿ ಇಲ್ಲದ ಮನುಷ್ಯ, ಇಲ್ಲದ ಮನೆ, ಇಲ್ಲದ ಪ್ರಾಣಿ ಬಿಡಿಸಿ ಅಂತ ಮಕ್ಕಳಿಗೆ ಹೇಳಿದ್ದರು. ಚಿಕ್ಕ ಮಕ್ಕಳು ಜಾಸ್ತಿ ಆಕಾರ, ಅಳತೆ ಬದಲಿಸಿದರು, ಇಲ್ಲವೇ ಯಾವುದಾದರೂ ಅಂಗ ಬಿಟ್ಟರು. ಎಂಟು ಹತ್ತು ವರ್ಷದವರು ಅಂಗಗಳ ಜಾಗವನ್ನೇ ಬದಲಿಸಿದರು, ಒಂದರ ಅಂಗ ಇನ್ನೊಂದಕ್ಕೆ ಜೋಡಿಸಿದರು. ಸ್ವಲ್ಪ ಒತ್ತಾಸೆ ಸಿಕ್ಕರೆ ಚಿಕ್ಕವರೂ ಹಾಗೆ ಮಾಡಬಲ್ಲರು ಅಂತ ಮುಂದಿನ ಅಧ್ಯಯನಗಳು ತೋರಿಸಿದವು. ನನ್ನ ಮಗಳು ನಾಲ್ಕನೇ ವಯಸ್ಸಿಗೇ ಕಿವಿಯನ್ನು ಪಾದಕ್ಕೆ ತಂದಿದ್ದಳು. ಅದನ್ನೇ ನಾನು ತಿದ್ದಲು ಹೋಗಿದ್ದೆ.

ಈಗ "ಇದೇನಿದು?" ಅಂತ ನಾನು ಕೇಳುವುದಿಲ್ಲ. ಆ ಪ್ರಶ್ನೆಯಲ್ಲೇ ನನಗೆ ಅರ್ಥವಾಗಲಿಲ್ಲ ಅನ್ನುವ ದೂರು ಇರುತ್ತದೆ. "ಇದು ಎಲ್ಲಿ ಮಲಗತ್ತೆ?" ಅಂತ ಕೇಳುತ್ತೇನೆ. ಅಷ್ಟೇ ಸಾಕು, ಅರ್ಧ ಗಂಟೆ ಮಾತು.

ನಿನ್ನೆ ಅವಳಿಗೆ ಸಿಂಹಮಾನವನ ಫೋಟೊ ತೋರಿಸಿದೆ. ಮನುಷ್ಯನ ಮೈ, ಸಿಂಹದ ತಲೆ. ಮ್ಯಾಮತ್ ಅನ್ನುವ, ಈಗ ಅಳಿದುಹೋದ ಆನೆಯಂಥ ಪ್ರಾಣಿಯ ದಂತದಲ್ಲಿ ಕೆತ್ತಿದ್ದು, ಸುಮಾರು 40,000 ವರ್ಷ ಹಳೆಯದು. 1939ರಲ್ಲಿ ಜರ್ಮನಿಯ ಒಂದು ಗುಹೆಯಲ್ಲಿ ಚೂರುಚೂರಾಗಿ ಸಿಕ್ಕಿತ್ತು. ಎತ್ತರ 31 ಸೆಂಟಿಮೀಟರ್ ಅಂದಾಗ ಅವಳು ಓಡಿಹೋಗಿ ಸ್ಕೇಲು ತಂದು ನೆಲದ ಮೇಲೆ ನಿಲ್ಲಿಸಿ, ತುದಿಯ ಮೇಲೆ ಬೆರಳು ಅಡ್ಡ ಇಟ್ಟು ನೋಡಿದಳು. ಆಮೇಲೆ ಫೋಟೊವನ್ನು ತುಂಬ ಹೊತ್ತು ನೋಡಿದಳು.

"ಅಮ್ಮ, ಇದಕ್ಕೂ ಮೊದ್ಲು ಕಣ್ಣೇ ಮಾಡಿದ್ರಾ?"

ಗೊತ್ತಿಲ್ಲ ಪುಟ್ಟಿ ಅಂದೆ.

"ಮಾಡಿರ್ತಾರೆ" ಅಂದಳು, ನೇರಳೆ ತುಂಡನ್ನು ಹುಡುಕುತ್ತಾ.