ಇಟ್ಟಿಗೆಯ ನೆರಳಿನಲ್ಲಿ ಮರಳು

ನವೆಂಬರ್ 16, 2024, ಶನಿವಾರ

ಬೆಳಗಿನ ಹೊತ್ತೆಲ್ಲ ಒಂದು ಟ್ರೇ ಮುಂದೆ ಕುಳಿತೇ ಕಳೆಯಿತು. ಒಂದು ತುದಿಯಲ್ಲಿ ಇಳಿಜಾರಾಗಿ ಹರಡಿದ ಸಣ್ಣ ಮರಳು, ಎರಡು ಬೆರಳಷ್ಟು ನೀರು, ನಡುವೆ ಅಡ್ಡಲಾಗಿ, ಕಡಲಲ್ಲಿ ಅಲೆ ತಡೆಯಲು ಕಟ್ಟುವ ತಡೆಗೋಡೆಯ ಬದಲಿಗೆ, ಮುರುಕು ಇಟ್ಟಿಗೆ. ಇನ್ನೊಂದು ತುದಿಯಿಂದ ಸ್ಕೇಲ್ ಆಡಿಸಿ ಅಲೆ ಎಬ್ಬಿಸುವುದು ನನ್ನ ಕೆಲಸ. ಇಪ್ಪತ್ತು ನಿಮಿಷಕ್ಕೇ ಕೈ ಸೋತಿತು.

ಇಟ್ಟಿಗೆಗೆ ಬಡಿದ ಅಲೆ ಅಲ್ಲೇ ಸಾಯುತ್ತದೆ, ಕಥೆ ಮುಗಿಯಿತು ಎಂದುಕೊಂಡಿದ್ದೆ. ಹಾಗಲ್ಲ. ಎರಡೂ ಬದಿಯಿಂದ ನುಸುಳಿದ ಅಲೆ ಬಾಗಿಕೊಂಡು ಇಟ್ಟಿಗೆಯ ಹಿಂದಕ್ಕೆ ತಿರುಗುತ್ತದೆ. ಅದರೊಂದಿಗೆ ದಡದಗುಂಟ ಉರುಳಿ ಬಂದ ಮರಳು, ನೀರು ಸುಮ್ಮನಾದ ಆ ನೆರಳಿನಲ್ಲಿ ಕೂರುತ್ತದೆ. ದಡಕ್ಕೆ ಪುಟ್ಟದೊಂದು ಮೂಗು ಮೂಡಿತು. ಇಟ್ಟಿಗೆಯನ್ನು ಹತ್ತಿರಕ್ಕೆ ಸರಿಸಿದ್ದೇ ತಡ, ಮೂಗು ಬೆಳೆದು ಇಟ್ಟಿಗೆಯನ್ನೇ ಮುಟ್ಟಿತು. ದಡವನ್ನೂ ಗೋಡೆಯನ್ನೂ ಬೆಸೆಯುವ ಇಂಥ ಮರಳ ದಿಣ್ಣೆಯೇ ಟೊಂಬೊಲೊ. ದಡದಿಂದ ಇರುವ ದೂರಕ್ಕಿಂತ ತಡೆಗೋಡೆಯ ಉದ್ದ ಹೆಚ್ಚಾದಷ್ಟೂ ಇದು ಮೂಡುವ ಸಂಭವ ಹೆಚ್ಚು. ಗಿಡ್ಡ ಗೋಡೆ ದೂರದಲ್ಲಿದ್ದರೆ ಬರೀ ಮೂಗು.

ಖುಷಿಯಾಗಿ ಸ್ಕೇಲನ್ನು ಓರೆ ಹಿಡಿದೆ. ಕಡಲಿನ ಅಲೆಗಳು ಸಾಮಾನ್ಯವಾಗಿ ಓರೆಯಾಗಿಯೇ ಬಂದು ಮರಳನ್ನು ದಡದಗುಂಟ ಸಾಗಿಸುತ್ತವೆ. ಆ ದಾರಿಗೆ ಈಗ ಟೊಂಬೊಲೊ ಅಡ್ಡ. ಈಚೆ ದಡ ಉಬ್ಬುತ್ತಾ ಹೋಯಿತು. ಆಚೆ ಮರಳು ಹೋಗುವುದು ನಿಲ್ಲಲಿಲ್ಲ, ಬರುವುದು ಮಾತ್ರ ನಿಂತಿತು. ಗುರುತಿಗೆಂದು ಅಲ್ಲಿ ನೆಟ್ಟಿದ್ದ ಬೆಂಕಿಕಡ್ಡಿ ಬುಡ ಸಡಿಲವಾಗಿ ತೇಲಿತು. ಗೋಡೆ ಮರಳನ್ನು ಹುಟ್ಟಿಸುವುದಿಲ್ಲ, ನೆರೆಯ ದಡದ ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ‘ದಡ ಬೆಳೆಸುವ ಗೋಡೆ’ ಎಂಬ ಮಾತು ಕೇಳಿದರೆ ಇನ್ನು ನನಗೆ ಸಿಟ್ಟೇ ಬರುತ್ತದೆ.

ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ 1934ರಲ್ಲಿ ಆದದ್ದೂ ಇದೇ. ದೋಣಿಗಳ ಆಸರೆಗೆಂದು ದಡಕ್ಕೆ ಸಮಾನಾಂತರವಾಗಿ ಸುಮಾರು 600 ಮೀಟರ್ ಗೋಡೆ ಕಟ್ಟಿದರು. ಅದರ ಹಿಂದೆ ಮರಳು ತುಂಬಿ ದೋಣಿಗಳ ತಾಣವೇ ಹೂಳಾಗತೊಡಗಿತು, ಮರಳು ಸಾಗುವ ದಿಕ್ಕಿನಲ್ಲಿ ಮುಂದಿದ್ದ ದಡ ಸವೆಯಿತು. ಅಮೆರಿಕದ ಈರಿ ಸರೋವರದ ಪ್ರೆಸ್ಕ್ ಐಲ್‌ನಲ್ಲಿ ಜಾಣತನದಿಂದ ನಡುನಡುವೆ ಸಂದು ಬಿಟ್ಟು 55 ತುಂಡು ಗೋಡೆಗಳನ್ನು 1992ರ ಹೊತ್ತಿಗೆ ಕಟ್ಟಿ ಮುಗಿಸಿದರು. ಆಮೇಲೂ ಮರಳು ತಂದು ಸುರಿಯುವುದು ತಪ್ಪಲಿಲ್ಲ.

ಸಂಜೆ ನಾನೂ ಇಟ್ಟಿಗೆಯನ್ನು ಎರಡು ತುಂಡು ಮಾಡಿ ಸಂದು ಬಿಟ್ಟೆ. ಎರಡು ಸಣ್ಣ ಮೂಗುಗಳು ಮೂಡಿದವು. ಹೊಸ ಕಡ್ಡಿ ವಾಲಿತು, ಬೀಳಲಿಲ್ಲ. ಆದರೆ ಅಷ್ಟರಲ್ಲಿ ಸ್ಕೇಲ್ ಎಡಗೈಗೆ ಬಂದಿತ್ತು. ಕಡ್ಡಿ ಉಳಿದದ್ದು ಸಂದಿನಿಂದಲೋ, ಎಡಗೈಯ ಸೋಮಾರಿ ಅಲೆಗಳಿಂದಲೋ? ನಾಳೆ ಬಲಗೈಯಲ್ಲೇ ಮತ್ತೊಮ್ಮೆ ಮಾಡಬೇಕು.