ಒಟಿಪಿ ಹೇಳುವ ಅಭ್ಯಾಸ ಮಾಡಿಸಿದ್ದು ನಾವೇ

ಜುಲೈ ತಿಂಗಳು, ಪಿಂಚಣಿ ಮಸ್ಟರಿಂಗ್ ನಡೆಯುತ್ತಿತ್ತು, ಅಂದರೆ ಪಿಂಚಣಿ ಪಡೆಯುವವರು ಬದುಕಿದ್ದಾರೆಂದು ಬೆರಳಚ್ಚು ಕೊಟ್ಟು ಖಾತ್ರಿ ಮಾಡುವುದು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಾನು ಕೆಲಸ ಮಾಡುವ ಸೇವಾ ಕೇಂದ್ರದಲ್ಲಿ ಬೆಳಗ್ಗೆ ಒಂಬತ್ತಕ್ಕೇ ಟೋಕನ್ ನಲವತ್ತು ದಾಟಿತ್ತು. ಹೊರಗೆ ಬಿಡದ ಮಳೆ. ಗಳಿಗೆಗೊಮ್ಮೆ ಕರೆಂಟು ಹೋಗುತ್ತದೆ, ಕರೆಂಟು ಬಂದರೆ ಸರ್ವರ್ ಇಲ್ಲ. ಬೀಡಿ ಕಟ್ಟಿ, ಅಡಕೆ ಸುಲಿದು ಸವೆದ ಬೆರಳನ್ನು ಮೆಷಿನ್ ತೆಗೆದುಕೊಳ್ಳುವುದಿಲ್ಲ, ಮತ್ತೆ ಐರಿಸ್, ಅಂದರೆ ಕಣ್ಣಿನ ಗುರುತು, ಹಾಕಬೇಕು.

ಆ ಗಡಿಬಿಡಿಯಲ್ಲಿ ಮಾವ ಬಂದರು. ಸಂಬಂಧದಲ್ಲಿ ಮಾವ ಅಲ್ಲ, ಊರಲ್ಲಿ ನಾವೆಲ್ಲ ಹಾಗೇ ಕರೆಯುವುದು. ಎಪ್ಪತ್ತು ದಾಟಿದವರು. ಕನ್ನಡ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುವವರು. ಇಂಗ್ಲಿಷ್ ಬರುವುದಿಲ್ಲ, ಮಲಯಾಳ ಮಾತಾಡುತ್ತಾರೆ, ಓದಲು ಬಾರದು. ಹಾಗಾಗಿ ಫೋನಿಗೆ ಎಂತ ಮೆಸೇಜು ಬಂದರೂ ನಮ್ಮ ಕೌಂಟರಿಗೆ ತಂದು ಓದಿಸಿಕೊಂಡು ಹೋಗುವುದು ಅವರ ಕ್ರಮ.

"ಇದು ಎಂತ ನೋಡು ಮಗಳೇ, ಕರೆಂಟಿನದ್ದಾ?"

ಇಂಗ್ಲಿಷಿನಲ್ಲಿತ್ತು. ಕಳೆದ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇಂದು ರಾತ್ರಿ 9.30ಕ್ಕೆ ನಿಮ್ಮ ಲೈನ್ ಕಟ್ ಆಗುತ್ತದೆ, ಕೂಡಲೇ ಈ ಆಫೀಸರಿಗೆ ಕರೆ ಮಾಡಿ. ಕೆಳಗೆ ಒಂದು ಮೊಬೈಲ್ ನಂಬರು. ಅವರ ಬಿಲ್ಲನ್ನು ಹಿಂದಿನ ವಾರ ನಾನೇ ಕಟ್ಟಿದ್ದೆ, ಅದು ಎರಡು ದಿನ ಪೆಂಡಿಂಗ್ ತೋರಿಸಿತ್ತು. ಅದರದ್ದೇ ತಕರಾರು ಎಂದುಕೊಂಡೆ. ಮುಂದಿನ ಟೋಕನಿನವರು ಆಗಲೇ ಬೆರಳು ಒರೆಸಿಕೊಂಡು ನಿಂತಿದ್ದರು. "ಆ ನಂಬರಿಗೆ ಒಮ್ಮೆ ಮಾತಾಡಿ ನೋಡಿ ಮಾವ" ಎಂದೆ.

ಹೌದು, ಹಾಗೆಂದದ್ದು ನಾನೇ. ಹತ್ತು ಸೆಕೆಂಡ್ ನಿಂತು ನೋಡಿದ್ದರೆ ಸಾಕಿತ್ತು. ನಮ್ಮಲ್ಲಿ ಮನೆ ಬಿಲ್ಲು ಬರುವುದೇ ಎರಡು ತಿಂಗಳಿಗೊಮ್ಮೆ, ಮತ್ತೆಲ್ಲಿಯ ಕಳೆದ ತಿಂಗಳ ಬಿಲ್? ಹದಿಮೂರು ಅಂಕೆಯ ಕನ್ಸ್ಯೂಮರ್ ನಂಬರು ಮೆಸೇಜಿನಲ್ಲಿ ಎಲ್ಲೂ ಇರಲಿಲ್ಲ. ಬಾಕಿ ಇದ್ದರೂ ಲೈನ್ ಕಡಿಯುವ ಮೊದಲು ಹದಿನೈದು ದಿನದ ಲಿಖಿತ ನೋಟೀಸ್ ಕೊಡಬೇಕೆಂದು 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ನಿನಲ್ಲೇ ಇದೆ. ಇನ್ನು ಕಳಿಸಿದವರ ಜಾಗದಲ್ಲಿ ಇದ್ದದ್ದು ಬರೀ ಹತ್ತು ಅಂಕೆಯ ಮೊಬೈಲ್ ನಂಬರು. ಬ್ಯಾಂಕು, ಸರಕಾರಿ ಇಲಾಖೆಗಳ ಮೆಸೇಜು ಅಕ್ಷರದ ಹೆಸರಿನಲ್ಲಿ ಬರುತ್ತದೆ. 2025ರಿಂದ ಅದರ ಕೊನೆಗೆ ಸರಕಾರದ್ದಾದರೆ ಜಿ, ವ್ಯವಹಾರದ್ದಾದರೆ ಟಿ, ಸೇವೆಯದ್ದಾದರೆ ಎಸ್, ಜಾಹೀರಾತಾದರೆ ಪಿ ಎಂದು ಇರುತ್ತದೆ. ಇದೆಲ್ಲ ನನಗೆ ಗೊತ್ತಿದ್ದ ವಿಷಯವೇ.

ಮಾವ ಜಗಲಿಯ ಬೆಂಚಿನಲ್ಲಿ ಕೂತು ಮಾತಾಡುತ್ತಿದ್ದರು. ಮಳೆಯ ಸದ್ದಿಗೆ ದೊಡ್ಡ ಸ್ವರ. "ನಾಲ್ಕು... ಸೊನ್ನೆ... ಸೊನ್ನೆ... ಎಂಟು..." ಎಂದು ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು, ಆದರೂ ಮನಸ್ಸಿಗೆ ತಾಗಲಿಲ್ಲ. ನಮ್ಮ ಕೇಂದ್ರದಲ್ಲಿ ದಿನವಿಡೀ ಕೇಳುವುದು ಅದೇ ತಾನೆ? ಆಧಾರ್ ಡೌನ್‌ಲೋಡಿಗೆ ಒಟಿಪಿ, ಪಿಎಂ ಕಿಸಾನ್ ಕೆವೈಸಿಗೆ ಒಟಿಪಿ. "ಬಂತಾ? ಹೇಳಿ, ಬೇಗ ಹೇಳಿ, ಟೈಮ್ ಔಟ್ ಆಗ್ತದೆ" ಎಂದು ಅವಸರ ಮಾಡುವುದು ನಾವು. ಅವರು ಎಲ್ಲರ ಎದುರು ಕೂಗಿ ಹೇಳುತ್ತಾರೆ, ನಾವು ಒತ್ತುತ್ತೇವೆ.

ಸ್ವಲ್ಪ ಹೊತ್ತಿಗೆ ಒಳಗೆ ಬಂದು ಫೋನ್ ಚಾಚಿದರು. "ಮಗಳೇ, ಈ ಎರಡನೆಯದ್ದು ಸರಿ ಕಾಣುವುದಿಲ್ಲ. ಓದು, ಅವರು ಲೈನಿನಲ್ಲಿ ಇದ್ದಾರೆ."

ನಾನು ಓದಲು ಶುರು ಮಾಡಿದೆ. "ಏಳು, ಒಂದು..." ಆಮೇಲೆ ಕಣ್ಣು ಅದೇ ಸಾಲಿನ ಮುಂದಕ್ಕೆ ಹೋಯಿತು. ರೂ. 24,500. ಯಾರಿಗೂ ಹೇಳಬೇಡಿ. ಸ್ಪೀಕರಿನಲ್ಲಿ ಆ ಗಂಡಸು "ಹಾಂ, ಮುಂದೆ ಹೇಳಿ ಮೇಡಂ" ಎನ್ನುತ್ತಿದ್ದ, ಚೆಂದದ ಕನ್ನಡದಲ್ಲಿ. ಕೈ ನಡುಗಿತು. ಕರೆ ಕಟ್ ಮಾಡಿದೆ. ಮಾವ ಗಾಬರಿಯಾಗಿ, "ಯಾಕೆ ಕಟ್ ಮಾಡಿದ್ದು? ಹತ್ತೇ ರೂಪಾಯಿಯದ್ದು ಅಲ್ವಾ?" ಎಂದರು.

ಮೊದಲನೆಯದ್ದು ಆಗಲೇ ಹೋಗಿತ್ತು, 19,800. ಹತ್ತು ರೂಪಾಯಿ ಕಟ್ಟಿದರೆ ಬಿಲ್ ಅಪ್‌ಡೇಟ್ ಆಗುತ್ತದೆಂದು ನಂಬಿಸಿ ಎಟಿಎಂ ಕಾರ್ಡಿನ ಎರಡೂ ಬದಿಯ ನಂಬರು ಹೇಳಿಸಿಕೊಂಡಿದ್ದ.

ಕಾರ್ಡ್ ಬ್ಲಾಕ್ ಮಾಡಲು ಬ್ಯಾಂಕಿನ ನಂಬರನ್ನು ಗೂಗಲ್‌ನಲ್ಲಿ ಹುಡುಕತೊಡಗಿದೆ. ಅದು ಎರಡನೇ ತಪ್ಪು. ಹಾಗೆ ಹುಡುಕಿದಾಗ ಕಳ್ಳರೇ ಹಾಕಿದ ನಂಬರೂ ಸಿಗುತ್ತದೆ. ನಂಬರು ಕಾರ್ಡಿನ ಹಿಂದೆಯೇ ಇತ್ತು, ಸಾಲಿನಲ್ಲಿದ್ದ ಒಬ್ಬ ಹುಡುಗ ತೋರಿಸಿದ. ಬ್ಲಾಕ್ ಆಯಿತು. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930. ಎರಡು ಸಲ ಎಂಗೇಜ್, ಮೂರನೇ ಸಲ ಎತ್ತಿದರು. ಖಾತೆ ನಂಬರು, ಹೋದ ಮೊತ್ತ, ಸಮಯ, ಟ್ರಾನ್ಸಾಕ್ಷನ್ ಐಡಿ ಕೇಳಿದರು. ಐಡಿ ಹುಡುಕುವಾಗ ಕರೆಂಟು ಹೋಯಿತು. ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಮಾವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅದು ಅಡಕೆಗೆ ಎರಡನೇ ಮದ್ದು ಬಿಡಲು ಇಟ್ಟ ದುಡ್ಡು.

ಒಟ್ಟಿನಲ್ಲಿ 6,000 ರೂಪಾಯಿಯನ್ನು ದಾರಿಯಲ್ಲೇ ತಡೆದರು, ಉಳಿದದ್ದು ಹೋಯಿತು. ಒಟಿಪಿಯನ್ನು ನಾವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದ್ದು ಬ್ಯಾಂಕಿನದ್ದು ಎಂದು ರಿಸರ್ವ್ ಬ್ಯಾಂಕಿನ 2017ರ ನಿಯಮ ಆಗ ಇತ್ತು. ಶಾಖೆಯಲ್ಲಿ ಇದನ್ನು ಹೇಳಿದಾಗಲೇ ನಾನು ಹುಡುಕಾಟದಲ್ಲಿ ಕಳೆದ ನಿಮಿಷಗಳ ಬೆಲೆ ಗೊತ್ತಾದದ್ದು.

"ಅವನು ಕನ್ನಡದಲ್ಲಿ ಎಷ್ಟು ಮರ್ಯಾದೆಯಿಂದ ಮಾತಾಡಿದ ಗೊತ್ತುಂಟಾ" ಎಂದು ಮಾವ ಆಮೇಲೆ ಹೇಳಿದರು. ಯಾವ ಆಫೀಸಿಗೆ ಹೋದರೂ ಅರ್ಧ ಅರ್ಥವಾಗುವ ಉತ್ತರ ಸಿಗುವ ಇಲ್ಲಿನ ಹಿರಿಯರಿಗೆ ಅಷ್ಟು ಸಾಕಾಗುತ್ತದೆ. "ಮತ್ತೆ, ನಿನ್ನ ಹತ್ತಿರವೂ ಹಾಗೇ ಹೇಳುವುದಲ್ವಾ ನಂಬರು?" ಎಂದೂ ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ನಡೆದದ್ದನ್ನು ಮೇಲಿನವರಿಗೆ ಬರೆದು ಕಳಿಸಿದೆ. ಜಾಗೃತಿ ಪೋಸ್ಟರ್ ಬಂತು, ಮಲಯಾಳದಲ್ಲಿ. ಅದರ ಪಕ್ಕದಲ್ಲಿ ನಾನು ಕನ್ನಡದಲ್ಲಿ ಕೈಯಲ್ಲೇ ಬರೆದು ಅಂಟಿಸಿದ್ದೇನೆ: ಇಲ್ಲಿ ಒಟಿಪಿ ಬಾಯಲ್ಲಿ ಹೇಳಬೇಡಿ.

ಈಗ ಕೀಬೋರ್ಡನ್ನೇ ಅವರ ಕಡೆಗೆ ತಿರುಗಿಸುತ್ತೇನೆ. ಒಟಿಪಿ ಬಂದ ಮೆಸೇಜನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಹೇಳುತ್ತೇನೆ, ಯಾರಿಂದ ಬಂದದ್ದು, ಯಾತಕ್ಕೆ, ದುಡ್ಡಿನ ಮಾತು ಉಂಟಾ ಎಂದು. ಅಂಕೆ ಮಾತ್ರ ಓದುವುದಿಲ್ಲ, ಅವರೇ ನೋಡಿ ಒತ್ತಬೇಕು. ಕೆಲವರಿಗೆ ಅಷ್ಟರಲ್ಲಿ ಟೈಮ್ ಔಟ್ ಆಗಿ ಮತ್ತೆ ಕಳಿಸಬೇಕಾಗುತ್ತದೆ. ದಿನದ ಎಂಟ್ರಿ ಕಡಿಮೆಯಾಯಿತೆಂದು ಫೋನ್ ಬರುತ್ತದೆ, ಸಾಲಿನವರು ಗೊಣಗುತ್ತಾರೆ. ಗೊಣಗಲಿ.