ವಾರ್‌ಗೇಮ್‌ನಲ್ಲಿ ಮಾರ್ಟರ್ ಯಾಕೆ ಬೇಕು?

ಎರಡನೇ ಮಹಾಯುದ್ಧದ ವಾರ್‌ಗೇಮ್‌ಗಳನ್ನು (ಮೇಜಿನ ಮೇಲೆ ಗೊಂಬೆ ಸೈನಿಕರನ್ನಿಟ್ಟು ಆಡುವ ಯುದ್ಧದಾಟಗಳನ್ನು) ಹೊಸದಾಗಿ ಆಡುವವರು ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ: "ಪಡೆ ಕಟ್ಟಲು ಸಿಗುವ ಪಾಯಿಂಟ್ ಖರ್ಚು ಮಾಡಿ ಮಾರ್ಟರ್ ತಗೊಂಡೆ. ಆಟ ಪೂರ್ತಿ ಹೊಡೆದೆ. ಸತ್ತವರು ಇಬ್ಬರೋ ಮೂವರೋ. ಇದರಿಂದ ಏನು ಪ್ರಯೋಜನ?" ಮಾರ್ಟರ್ ಎಂದರೆ ಶೆಲ್ಲನ್ನು (ಸಿಡಿಯುವ ಗುಂಡನ್ನು) ಎತ್ತರಕ್ಕೆ ಹಾರಿಸಿ ಶತ್ರುವಿನ ತಲೆ ಮೇಲೆ ಬೀಳಿಸುವ ಕೊಳವೆಯಂಥ ತೋಪು.

ಸತ್ತವರನ್ನು ಎಣಿಸಬೇಡಿ. ಶೆಲ್ ಬೀಳುವಷ್ಟು ಹೊತ್ತು ಎದುರಾಳಿಯ ಮೆಷಿನ್ ಗನ್ ಸುಮ್ಮನಿತ್ತಾ, ಅದನ್ನು ನೋಡಿ. ಬೇಲಿಯ ಹಿಂದೆ ಬೋರಲು ಮಲಗಿದವನು ತಲೆ ಎತ್ತಿ ಗುರಿ ಇಡಲಾರ. ಆ ಒಂದೆರಡು ಟರ್ನ್‌ನಲ್ಲೇ ನಿಮ್ಮವರು ಬಯಲು ದಾಟಬೇಕು. ದಾಟದೆ ಕೂತರೆ ಹೊಡೆದ ಶೆಲ್ಲೆಲ್ಲ ದಂಡ.

ಮಾರ್ಟರ್‌ನಿಂದ ಹೊಗೆಯ ಶೆಲ್ ಹೊಡೆದು ಶತ್ರುವಿನ ಕಣ್ಣಿಗೆ ಪರದೆ ಕಟ್ಟಬಹುದು ಎಂಬುದನ್ನಂತೂ ಹೊಸಬರು ಮರೆತೇಬಿಡುತ್ತಾರೆ. ಬ್ರಿಟಿಷ್ ಪ್ಲಟೂನಿನ (ಮೂವತ್ತು ಚಿಲ್ಲರೆ ಸೈನಿಕರ ತುಕಡಿಯ) 2 ಇಂಚು ಬಾಯಗಲದ ಮಾರ್ಟರ್ ನನಗೆ ತುಂಬಾ ಇಷ್ಟ. ಶೆಲ್ಲಿನ ತೂಕ ಸುಮಾರು 1 ಕಿಲೋ, ಹೋಗುವುದು ಹೆಚ್ಚೆಂದರೆ 450 ಮೀಟರ್ ಆಸುಪಾಸು. ಸ್ಫೋಟ ಚಿಕ್ಕದು, ನಿಜ. ಆದರೆ ಹೊಗೆ ಬೇಕೆಂದಾಗ ಪ್ಲಟೂನ್ ಕಮಾಂಡರ್ ಮೇಲಿನವರನ್ನು ಕೇಳಿ ಕಾಯಬೇಕಿಲ್ಲ. ಆಯುಧ ಪಕ್ಕದಲ್ಲೇ ಇರುತ್ತದೆ.

ಜರ್ಮನ್ನರ 8 ಸೆಂಟಿಮೀಟರ್ ಮಾರ್ಟರ್ ಬೇರೆಯೇ ಮಟ್ಟದ್ದು. 3.5 ಕಿಲೋ ಶೆಲ್ ಅನ್ನು 2,400 ಮೀಟರ್ ದೂರ ಎಸೆಯುತ್ತದೆ. ಶೆಲ್ ಮೇಲಕ್ಕೇರಿ ಕಡಿದಾಗಿ ಇಳಿಯುವುದರಿಂದ ಗೋಡೆಯ ಹಿಂದೆ, ದಿಬ್ಬದ ಆಚೆ ಅಡಗಿದವರಿಗೂ ಉಳಿಗಾಲವಿಲ್ಲ. ಕಾಡಿನಲ್ಲಂತೂ ಕೊಂಬೆಗೆ ತಗುಲಿ ಸಿಡಿದರೆ ಚೂರುಗಳು ತಲೆ ಮೇಲೇ ಬೀಳುತ್ತವೆ. ಫ್ರಾನ್ಸಿನ ನಾರ್ಮಂಡಿಯಲ್ಲಿ ಜರ್ಮನ್ ಮಾರ್ಟರ್‌ಗಳ ಕಾಟ ಎಷ್ಟಿತ್ತೆಂದರೆ, ಅವು ಎಲ್ಲಿವೆ ಎಂದು ಹುಡುಕುವುದಕ್ಕೇ ಬ್ರಿಟಿಷರು ರಾಡಾರ್ ಸಮೇತ ತಂಡಗಳನ್ನು ಇಟ್ಟುಕೊಂಡರು.

ಹಾಗಂತ ಎಲ್ಲದಕ್ಕೂ ಆಗುವ ಆಯುಧ ಇದಲ್ಲ. ಟ್ಯಾಂಕ್ ಎದುರು ಹೆಚ್ಚು ಉಪಯೋಗವಿಲ್ಲ. ಮುಚ್ಚಳ ಹಾಕಿಕೊಂಡು ಒಳಗೆ ಕೂರುವಂತೆ ಮಾಡಬಹುದು, ಅಷ್ಟೇ. ಮೇಲೆ ದಪ್ಪ ಮರ, ಮಣ್ಣು ಹೊದಿಸಿದ ಬಂಕರ್‌ಗೂ ಚಿಕ್ಕ ಶೆಲ್ ಸಾಲದು. ಎಲ್ಲಕ್ಕಿಂತ ಮುಖ್ಯವಾಗಿ, ಶೆಲ್ ಎಲ್ಲಿ ಬಿತ್ತು ಎಂದು ನೋಡಿ ಹೇಳುವವನೊಬ್ಬ ಬೇಕು. ಅವನು ಸತ್ತರೆ, ಅಥವಾ ಫೋನ್ ತಂತಿ ಕಡಿದರೆ, ಮಾರ್ಟರ್ ಕುರುಡಾಗುತ್ತದೆ. ಶೆಲ್ ಕೂಡ ಬೇಗ ಮುಗಿಯುತ್ತದೆ. ನಿಮಿಷಕ್ಕೆ 15ರಂತೆ ಹೊಡೆದರೆ 50 ಕಿಲೋಗಿಂತ ಜಾಸ್ತಿ ಖಾಲಿ! ಅದನ್ನೆಲ್ಲ ಎಷ್ಟೋ ಸಲ ಸೈನಿಕರೇ ಹೊತ್ತು ತರಬೇಕಿತ್ತು.

ಇನ್ನು ಅಳತೆಯ ವಿಷಯ. 28 ಮಿಲಿಮೀಟರ್ ಗೊಂಬೆಗಳನ್ನು 1:56 ಅಳತೆಯವು (ನಿಜಕ್ಕಿಂತ 56 ಪಟ್ಟು ಚಿಕ್ಕವು) ಎಂದುಕೊಂಡರೆ, 6 ಅಡಿಯ ಮೇಜು ನಿಜದಲ್ಲಿ ಸುಮಾರು 100 ಮೀಟರ್ ಮಾತ್ರ. 2,400 ಮೀಟರ್ ತೋರಿಸಲು 140 ಅಡಿ ಮೇಜು ಬೇಕು! ಅದಕ್ಕೇ ದೊಡ್ಡ ಮಾರ್ಟರನ್ನು ಮೇಜಿನ ಮೇಲೆ ಇಡುವುದು ನನಗೆ ಒಪ್ಪಿಗೆಯಿಲ್ಲ. ಅದು ಮೇಜಿನಾಚೆ ಇರಲಿ, ನೋಡಿ ಹೇಳುವವನನ್ನು ಮಾತ್ರ ಮೇಜಿನ ಮೇಲಿಡಿ. ಎದುರಾಳಿ ಹುಡುಕಬೇಕಾದ್ದು ಅವನನ್ನೇ.